ಪೆಟ್ಟು ಬಿದ್ದ ಮಿದುಳಿನ ಒಳಬಾಗಿಲುಗಳು

ತಲೆಗೆ ಪೆಟ್ಟು ಬಿದ್ದವನು ಒಂದು ಲೋಟ ನೀರು ಕುಡಿದು ಎದ್ದು ಕುಳಿತನೆಂದರೆ ಗಂಡಾಂತರ ಕಳೆಯಿತೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಪೆಟ್ಟು ಕ್ಷಣಮಾತ್ರದ್ದು, ನಿಜ. ಆದರೆ ಅದರ ಪರಿಣಾಮವು ತಲೆಬುರುಡೆಯೊಳಗೆ ಗಂಟೆಗಟ್ಟಲೆ, ದಿನಗಟ್ಟಲೆ ಮುಂದುವರಿಯುತ್ತದೆ. ಆ ವ್ಯಾಪಾರದಲ್ಲಿ ಮುಖ್ಯ ಪಾತ್ರ ವಹಿಸುವ ಕೆಲವು ಜೀವಕೋಶಗಳನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಹೋಟೆಲಿನ ಗಿರಾಕಿಗೆ ಬಡಿಸುವವನು ಕಾಣುತ್ತಾನೆ. ಒಳಗೆ ಒಲೆಯ ಮುಂದೆ ಬೇಯುವವನು ಕಾಣುವುದಿಲ್ಲ. ಮಿದುಳಿನಲ್ಲಿ ಅಂತಹ ತೆರೆಮರೆಯ ದುಡಿಮೆ ಗ್ಲಿಯಾ ಕೋಶಗಳದು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಇವನ್ನು ನರಗಳ ನಡುವಣ ಅಂಟೆಂದು ಬಗೆದು ಆ ಹೆಸರಿಟ್ಟರು. ಇವು ಬರಿಯ ಅಂಟಲ್ಲ. ಇವುಗಳಲ್ಲಿ ನಕ್ಷತ್ರಾಕಾರದ ಆಸ್ಟ್ರೋಸೈಟ್‌ಗಳು ನರಕೋಶಗಳ ಪೋಷಣೆಯನ್ನು ನೋಡಿಕೊಳ್ಳುತ್ತವೆ. ಸೂಕ್ಷ್ಮವಾದ ಮೈಕ್ರೋಗ್ಲಿಯಾಗಳು ಕಾವಲು ಕಾದು ಕಸವನ್ನು ತೆಗೆಯುತ್ತವೆ.

ನರಕೋಶಗಳು ವಿದ್ಯುತ್ತಿನ ಮೂಲಕ ಸುದ್ದಿ ಕಳುಹಿಸಿದರೆ, ಗ್ಲಿಯಾಗಳು ಹೆಚ್ಚಾಗಿ ಕ್ಯಾಲ್ಸಿಯಂ ಎಂಬ ಸುಣ್ಣದ ಧಾತುವಿನ ಮೂಲಕ ವ್ಯವಹರಿಸುತ್ತವೆ. ಕೋಶದ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಅಧಿಕ. ಆದುದರಿಂದ ಕೋಶದ ಗೋಡೆಯ ಬಾಗಿಲು ಕಿಂಚಿತ್ತು ತೆರೆದರೂ ಒಳಗೆ ದೊಡ್ಡ ಸಂಜ್ಞೆಯಾಗುತ್ತದೆ. ಆಸ್ಟ್ರೋಸೈಟ್‌ಗಳಲ್ಲಿ ಈ ಸಂಜ್ಞೆ ಅಲೆಯಂತೆ ಕೋಶದಿಂದ ಕೋಶಕ್ಕೆ ಹರಿಯುವುದನ್ನು ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಪ್ರಯೋಗಶಾಲೆಯಲ್ಲಿ ಪ್ರತ್ಯಕ್ಷ ಕಂಡರು.

ಗಾಯವಾದಾಗ ಒಡೆದ ಕೋಶಗಳಿಂದ ಎ.ಟಿ.ಪಿ. ಎಂಬ ಶಕ್ತಿದ್ರವ್ಯವು ಹೊರಚೆಲ್ಲುತ್ತದೆ. ಅದು ನೆರೆಯ ಗ್ಲಿಯಾಗಳಿಗೆ ತಗುಲಿದೊಡನೆ ಕೆಲವು ಬಾಗಿಲುಗಳು ನೇರವಾಗಿ ತೆರೆಯುತ್ತವೆ. ಕೋಶದ ಒಳಗಿನ ಉಗ್ರಾಣದಿಂದಲೂ ಕ್ಯಾಲ್ಸಿಯಂ ಹೊರಬೀಳುತ್ತದೆ. ಉಗ್ರಾಣ ಬರಿದಾದರೆ ಅದನ್ನು ಅರಿಯುವುದು ‘ಸ್ಟಿಮ್’ ಎಂಬ ಪ್ರೋಟೀನು. ಅದರ ಕರೆಗೆ ಓಗೊಟ್ಟು ಹೊರಗೋಡೆಯಲ್ಲಿ ತೆರೆಯುವ ಬಾಗಿಲು ‘ಒರಾಯ್’. ಇವುಗಳ ಈ ಪಾತ್ರ ಬೆಳಕಿಗೆ ಬಂದುದು 2005-06ರಲ್ಲಿ. ಜೀವಂತ ಇಲಿಯ ಮಿದುಳಿನ ಪುಟ್ಟ ಗಾಯವನ್ನು ಮೈಕ್ರೋಗ್ಲಿಯಾಗಳ ಚಾಚುಗಳು ಕೆಲವೇ ನಿಮಿಷಗಳಲ್ಲಿ ಮುತ್ತುವುದನ್ನು ವಿಜ್ಞಾನಿಗಳು ನೋಡಿದುದೂ 2005ರಲ್ಲಿಯೇ.

ಈ ಧಾವಂತ ಉಪಕಾರಿಯೂ ಹೌದು, ಅಪಕಾರಿಯೂ ಹೌದು. ಗಾಯಕ್ಕೆ ಬೇಲಿ ಕಟ್ಟುವುದು ಉಪಕಾರ. ಸಂಜ್ಞೆ ಮಿತಿಮೀರಿ ಉರಿಯೂತ ಹೆಚ್ಚಿದರೆ ಬದುಕಿದ್ದ ನರಕೋಶಗಳಿಗೂ ಕೇಡು. ಗ್ಲಿಯಾಗಳ ಈ ಬಾಗಿಲುಗಳನ್ನು ಹದವರಿತು ಮುಚ್ಚಿ ತಲೆಗಾಯವನ್ನು ಗುಣಪಡಿಸುವ ಸಿದ್ಧ ಔಷಧ ಇನ್ನೂ ವೈದ್ಯರ ಕೈಗೆ ಬಂದಿಲ್ಲ. ಹಾಲು ಕುಡಿಯುವುದಕ್ಕೂ ಕ್ಯಾಲ್ಸಿಯಂ ಗುಳಿಗೆ ನುಂಗುವುದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲವೆಂಬುದನ್ನೂ ವಾಚಕರು ಗಮನಿಸಬೇಕು.

ಆದುದರಿಂದ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಎಚ್ಚರಿಕೆಯೊಂದೇ. ನೀರು ಬಿದ್ದ ಅಡಿಗೆಮನೆಯಲ್ಲಿ ಜಾರಿದವನನ್ನಾಗಲಿ, ರೈಲಿನಿಂದ ಬಿದ್ದವನನ್ನಾಗಲಿ ಒಡನೆಯೇ ಕೆಲಸಕ್ಕೆ ಹಚ್ಚಬಾರದು. ಮೊದಲ 24 ಗಂಟೆ ಅವನನ್ನು ಒಂಟಿಯಾಗಿ ಬಿಡಬಾರದು. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಕವಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಒಳಗೆ ರಕ್ತ ಸೋರುತ್ತಿರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಊರು ಬಿಟ್ಟು ಬಂದವನಿಗೆ ಕೋಣೆಯ ಜತೆಗಾರನೇ ಬಂಧು. ಆ ಒಂದು ರಾತ್ರಿ ಅವನು ಎಚ್ಚರವಾಗಿದ್ದರೆ ಒಂದು ಜೀವ ಉಳಿದೀತು.