ಆವರಣವೇ ಪಾಠಪುಸ್ತಕ

ಬೀದರದಿಂದ ಮೂಡಲ ದಿಕ್ಕಿಗೆ ಸುಮಾರು ಮೂರು ಕಿಲೋಮೀಟರು ನಡೆದರೆ ಅಷ್ಟೂರ ಸಿಗುತ್ತದೆ. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲುಗಟ್ಟಿ ನಿಂತಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಒಂದು ಶ್ರಾವಣದಲ್ಲಿ ನನ್ನ ತರಗತಿಯ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮಳೆ ಹಿಡಿಯಿತು, ಗುಮ್ಮಟವೊಂದರ ಬಾಗಿಲಲ್ಲಿ ನಿಂತೆವು. “ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ, ಗುರುಗಳೆ?” ಎಂದ ಒಬ್ಬ ಹುಡುಗ. ಜಲಚಕ್ರದ ಚಿತ್ರವನ್ನು ತಪ್ಪಿಲ್ಲದೆ ಬರೆಯಬಲ್ಲವನು ಅವನು. “ನಮ್ಮ ಶಾಲೆಯ ಮಾಳಿಗೆಯ ನೀರು ಎಲ್ಲಿಗೆ ಹೋಗುತ್ತದೆ, ಬಲ್ಲೆಯಾ?” ಎಂದು ನಾನು ಮರುಪ್ರಶ್ನೆ ಹಾಕಿದೆ. ಅವನಿಗೆ ತಿಳಿಯದು, ನಿಜ ಹೇಳಬೇಕೆಂದರೆ, ನನಗೂ ತಿಳಿದಿರಲಿಲ್ಲ.

ಈ ಅಜ್ಞಾನ ಸಣ್ಣದಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರಿನ ವಿದ್ಯಾವಂತನಿಗೆ ತನ್ನ ತಲೆಯ ಮೇಲೆ ಬಿದ್ದ ನೀರಿನ ಲೆಕ್ಕ ಗೊತ್ತಿಲ್ಲವೆಂದರೆ, ಅವನ ವಿದ್ಯೆಗೆ ಏನು ಬೆಲೆ? ‘ಸುಸ್ಥಿರ ಬದುಕು’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಬಿತ್ತುವ ಬೀಜವನ್ನು ಕುಟ್ಟಿ ತಿನ್ನದಿರುವುದೇ ಅದರ ಸರಳಾರ್ಥ. ಇದನ್ನು ಕಲಿಸಲು ವಿದ್ಯಾಲಯದ ಆವರಣಕ್ಕಿಂತ ಉತ್ತಮವಾದ ಪುಸ್ತಕವಿಲ್ಲ. ಅಲ್ಲಿ ಜನ ನೀರು ಕುಡಿಯುತ್ತಾರೆ, ಒಲೆ ಉರಿಸುತ್ತಾರೆ, ಕಸ ಎಸೆಯುತ್ತಾರೆ. ಊರೊಂದರ ಸಮಸ್ಯೆಗಳೆಲ್ಲ ಅಲ್ಲಿವೆ. ಅಳೆಯಬಲ್ಲ ಕೈಗಳೂ ಅಲ್ಲಿಯೇ ಇವೆ.

ನಮ್ಮ ನೆಲವನ್ನೇ ನೋಡಿ. ಬೀದರ ಕುಳಿತಿರುವುದು ಕೆಂಪು ಮುರಕಲ್ಲಿನ ಮೇಲೆ. ಈ ಕಲ್ಲು ಜಾಳು. ಮಳೆಯ ನೀರನ್ನು ಹೀರಿ ಕೆಳಗಿಳಿಸುತ್ತದೆ. ಅದರಡಿಯ ಕರಿಕಲ್ಲು ಗಟ್ಟಿ. ನೀರು ಅಲ್ಲಿ ತಡೆದು ಅಡ್ಡಕ್ಕೆ ಹರಿಯುತ್ತದೆ. ನೌಬಾದಿನ ಸುರಂಗ ಬಾವಿಯನ್ನು, ಅಂದರೆ ಕರೇಜನ್ನು, ತೋಡಿದವರು ನೆಲದೊಳಗಿನ ಈ ಹರಿವನ್ನು ಅರಿತಿದ್ದವರು. 1472ರಲ್ಲಿ ಮಹಮೂದ್ ಗಾವಾನನ ಮದರಸಾ ಮುಗಿದಾಗ ಬೀದರ ದೂರದೂರದ ವಿದ್ವಾಂಸರನ್ನು ಸೆಳೆವ ವಿದ್ಯಾಕೇಂದ್ರವಾಯಿತು. ಗ್ರಂಥಜ್ಞಾನವೂ ನೆಲದ ಜ್ಞಾನವೂ ಒಂದೇ ಊರಿನಲ್ಲಿದ್ದವು. ಅವೆರಡನ್ನೂ ಒಂದೇ ಅಂಗಳಕ್ಕೆ ತರುವುದು ಇಂದಿನ ಕೆಲಸ.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಹೊಂದಿಸುವುದು ಅದರ ಉದ್ದೇಶ. ಕಡಿಮೆ ಕಟ್ಟಿಗೆ ಬೇಡುವ ಒಲೆ, ಸುಡದೆ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಮುಂತಾದುವು ಅಲ್ಲಿಂದ ಹೊರಟವು. ಆದರೆ ಪ್ರಯೋಗಶಾಲೆಯಲ್ಲಿ ಗೆದ್ದದ್ದೆಲ್ಲ ಊರಿನಲ್ಲಿ ಗೆಲ್ಲುವುದಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆಂದು ಸಗಣಿ ಅನಿಲದ ಸ್ಥಾವರ ಕಟ್ಟಿದರು. ಊರಿನ ಸಗಣಿ ಎಲ್ಲರ ಒಲೆಗೆ ಸಾಲದಾಯಿತು. ಆಗ ಜನರೊಡನೆ ಕುಳಿತು ಮಾತಾಡಿದರು. 1987ರಿಂದ ಅದೇ ಅನಿಲದಿಂದ ವಿದ್ಯುತ್ತು ಪಡೆದು ಕುಡಿಯುವ ನೀರನ್ನು ಮೇಲೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಕಲಿಸಹೋದವರು ಕಲಿತುಬಂದರು. ವಿದ್ಯೆಯ ನಿಜವಾದ ಪರೀಕ್ಷೆ ಇದೇ ಅಲ್ಲವೆ?

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ನಮ್ಮ ಸೀಮೆಯ ದೇವಣಿ ದನಗಳ ತಳಿಯನ್ನು ಕಾಯುವ ಅದರ ಕೇಂದ್ರ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವಿನಲ್ಲಿದೆ. ಇಂಥಲ್ಲಿ ಕೊಟ್ಟಿಗೆಯೇ ತರಗತಿಯಾಗಬಲ್ಲುದು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ದಿನಕ್ಕೆ 50 ಕಿಲೋ, ಅಂದರೆ ನಾಲ್ಕೈದು ದನಗಳ ಸಗಣಿ, ಒಂದು ಸಂಸಾರದ ಅಡುಗೆಗೆ ಸಾಕು. ಉಳಿದ ರೊಜ್ಜು ಗೊಬ್ಬರ. ಆ ಗೊಬ್ಬರದಿಂದ ಮೇವು. ಮೇವಿನಿಂದ ಮತ್ತೆ ಸಗಣಿ. ವಿದ್ಯಾರ್ಥಿ ತಾನೇ ತೂಗಿ, ಅಳೆದು, ಬರೆದಿಟ್ಟಾಗ ಈ ಸುತ್ತು ಅವನಿಗೆ ಬಾಯಿಪಾಠವಾಗಿ ಉಳಿಯದು, ಅನುಭವವಾಗುತ್ತದೆ. ಒಂದು ವರ್ಷ ಬಾವಿಯ ಮಟ್ಟವನ್ನು ವಾರವಾರವೂ ಅಳೆದ ಹುಡುಗಿಗೆ ಅಂತರ್ಜಲವೆಂದರೇನೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಹೈಸ್ಕೂಲೂ ಇದನ್ನು ಮಾಡಬಹುದು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮಲ್ಲಿ ವರ್ಷದ ಮಳೆ ಸುಮಾರು 850 ಮಿಲಿಮೀಟರ್. ನೂರು ಚದರ ಮೀಟರಿನ ಮಾಳಿಗೆಗೆ 85,000 ಲೀಟರ್ ಆಯಿತು; ಐದರಲ್ಲೊಂದು ಪಾಲು ಆರಿ, ಸೋರಿ ಹೋದರೂ 68,000 ಲೀಟರ್ ಉಳಿಯಿತು. ಅಷ್ಟೂರದಿಂದ ಮರಳಿದ ಮೇಲೆ ನನ್ನ ಹುಡುಗರು ಹಗ್ಗ ಹಿಡಿದು ಮಾಳಿಗೆಯನ್ನು ಅಳೆದರು. ಗುಣಾಕಾರ ಮುಗಿದಾಗ ಸಂಖ್ಯೆಯನ್ನು ಕಂಡು, ತಪ್ಪಾಗಿರಬೇಕೆಂದು ಎರಡು ಸಲ ಮತ್ತೆ ಮಾಡಿದರು. ತಪ್ಪಾಗಿರಲಿಲ್ಲ.

ಕನ್ನಡ ಪಂಡಿತನಿಗೆ ಈ ಲೆಕ್ಕವೇಕೆ ಎನ್ನಬಹುದು. ‘ಕ್ಷೇತ್ರ’ ಎಂದರೆ ಹೊಲವೂ ಹೌದು, ಪುಣ್ಯಸ್ಥಳವೂ ಹೌದು, ಅಧ್ಯಯನದ ವಿಷಯವೂ ಹೌದು. ಮೂರನ್ನೂ ಒಂದೇ ಪದದಲ್ಲಿಟ್ಟ ಹಿರಿಯರು ಅವುಗಳನ್ನು ಬೇರೆಬೇರೆ ಎಂದೆಣಿಸಿರಲಾರರು.

ಮುಂದಿನ ಮಳೆ ಬಂದಾಗ ರೇಡಿಯೊವನ್ನು ಸ್ವಲ್ಪ ಸಣ್ಣಗೆ ಮಾಡಿ, ಮಕ್ಕಳನ್ನು ಪಡಸಾಲೆಗೆ ಕರೆಯಿರಿ. ನಮ್ಮ ಮಾಳಿಗೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಉತ್ತರ ಬರದಿದ್ದರೆ ನಾಚಬೇಕಾಗಿಲ್ಲ. ಕೊಡೆ ಹಿಡಿದು ಅವರ ಜೊತೆಗೆ ನೀವೂ ಹೊರಡಿರಿ.