ಕಲ್ಯದ ಶಾಸನದಷ್ಟು ಹಳೆಯ ಬೆಳಕು

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿದ ಸಂಗತಿ ಅದರಲ್ಲಿದೆ. ಆ ತೀರ್ಪನ್ನು ಕಲ್ಲಿಗೆ ಕೆತ್ತುತ್ತಿದ್ದ ಹೆಚ್ಚುಕಡಿಮೆ ಅದೇ ಕಾಲಕ್ಕೆ ಹಂಸ ನಕ್ಷತ್ರಪುಂಜದ ಒಂದು ನಕ್ಷತ್ರದಿಂದ ಹೊರಟ ಬೆಳಕು, ಸುಮಾರು 640 ಜ್ಯೋತಿರ್ವರ್ಷ ಕ್ರಮಿಸಿ, 2009ರಲ್ಲಿ ನಾಸಾದ ಕೆಪ್ಲರ್ ದೂರದರ್ಶಕಕ್ಕೆ ಬಂದು ಸೇರಿತು. ಬಂದ ಬೆಳಕಿನಲ್ಲಿ ಕೊಂಚ ಖೋತಾ ಇತ್ತು. ಏಳು ಗಂಟೆಗೂ ಮಿಕ್ಕಿ, ಹತ್ತು ಸಾವಿರಕ್ಕೆ ಐದು ಪಾಲು ಕಡಿಮೆ.

ಗ್ರಹವೊಂದು ಅಡ್ಡ ಹಾದಿತ್ತು. ಇಂಥದ್ದನ್ನು ನಾವೂ ನೋಡಿದ್ದೇವೆ: 2004ರ ಜೂನ್ 8ರಂದು, ಮತ್ತೆ 2012ರ ಜೂನ್ 6ರ ಬೆಳಿಗ್ಗೆ, ಶುಕ್ರ ಕರಿಚುಕ್ಕೆಯಾಗಿ ಸೂರ್ಯಬಿಂಬದ ಮೇಲೆ ಸರಿದುಹೋಯಿತು. ದೂರದ ನಕ್ಷತ್ರದಲ್ಲಿ ಚುಕ್ಕೆ ಕಾಣದು. ಬೆಳಕು ಎಷ್ಟು ತಗ್ಗಿತೆಂಬುದಷ್ಟೇ ಕೈಗೆ ಸಿಗುವ ಲೆಕ್ಕ. ಗ್ರಹದ ವ್ಯಾಸ ನಕ್ಷತ್ರದ ಹತ್ತನೇ ಒಂದರಷ್ಟಿದ್ದರೆ ಬೆಳಕು ಶೇ 1ರಷ್ಟು ಇಳಿಯುತ್ತದೆ. ಸೂರ್ಯನ ಮುಂದೆ ಗುರು ಹಾದರೆ ಹೀಗಾದೀತು. ಭೂಮಿ ಹಾದರೆ ಶೇ 0.01ಕ್ಕೂ ಕಡಿಮೆ.

ಒಮ್ಮೆ ಮಂಕಾದರೆ ಯಾರೂ ನಂಬುವುದಿಲ್ಲ. ನಂಬಲೂಬಾರದು. ನಕ್ಷತ್ರದ ಮೇಲಿನ ಕಲೆ, ಜೋಡಿ ನಕ್ಷತ್ರ, ಉಪಕರಣದ ದೋಷ, ಏನು ಬೇಕಾದರೂ ಇದ್ದೀತು. ಎರಡನೆಯ ಸಲ ಮಂಕಾದಾಗ ಅವಧಿಯ ಅಂದಾಜು ಸಿಗುತ್ತದೆ. ಲೆಕ್ಕ ಹಾಕಿದ ಹೊತ್ತಿಗೇ ಮೂರನೆಯದು ಬಂದರೆ ಧೈರ್ಯ. ಹಂಸದ ಈ ಗ್ರಹಕ್ಕೆ ಒಂದು ಸುತ್ತಿಗೆ 290 ದಿನ. ಮೂರನೆಯದಕ್ಕಾಗಿ 2010ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಕೆಪ್ಲರ್-22ಬಿ ಎಂದು ಪ್ರಕಟವಾದಾಗ ‘ಇನ್ನೊಂದು ಭೂಮಿ’ ಎಂಬ ಸಂಭ್ರಮ ಎದ್ದಿತು. ಅದು ಅತಿಯಾಯಿತು. ಮಂಕಾದ ಬೆಳಕು ಗ್ರಹದ ಗಾತ್ರ ಹೇಳುತ್ತದೆಯೇ ಹೊರತು ಅಲ್ಲಿ ಕಲ್ಲಿದೆಯೋ ನೀರಿದೆಯೋ ಹೇಳುವುದಿಲ್ಲ.

ನೆಲದ ಮೇಲಿಂದ ನೋಡುವವರಿಗೆ ಗಾಳಿಯ ಕಾಟ ಬೇರೆ. ಅದಕ್ಕೊಂದು ಸರಳ ಉಪಾಯವಿದೆ. ಜಂಬುಕ ಪುಂಜದ ಎಚ್‌ಡಿ 189733 ಎಂಬ ನಕ್ಷತ್ರ ಕಲ್ಯದ ಬಂಡೆಯ ಮೇಲೆ ನಿಂತವರಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ. ಬರಿಗಣ್ಣಿಗೆ ಕಾಣದು, ಸಣ್ಣ ದೂರದರ್ಶಕಕ್ಕೆ ಸುಲಭ. 2.2 ದಿನಕ್ಕೊಮ್ಮೆ ಅದರ ಬೆಳಕು ಶೇ 2.4ರಷ್ಟು ಇಳಿಯುತ್ತದೆ. ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ನಿಮಿಷಕ್ಕೊಂದರಂತೆ ಚಿತ್ರ ತೆಗೆಯುತ್ತ ಹೋಗಬೇಕು. ಅದೇ ಚಿತ್ರದಲ್ಲಿರುವ ಪಕ್ಕದ ನಕ್ಷತ್ರಗಳ ಬೆಳಕನ್ನೂ ಅಳೆದು ಇದರ ಬೆಳಕನ್ನು ಅದರಿಂದ ಭಾಗಿಸಬೇಕು. ತೆಳು ಮೋಡ ಬಂದು ಬೆಳಕಿನ ಐದನೇ ಒಂದು ಪಾಲು ನುಂಗಿದರೂ ಎಲ್ಲವುಗಳದ್ದೂ ಒಟ್ಟಿಗೇ ಇಳಿಯುತ್ತದೆ, ಭಾಗಲಬ್ಧ ಅಲುಗುವುದಿಲ್ಲ. ಭಾಗಲಬ್ಧವೇ ಇಳಿದು ಎರಡು ಗಂಟೆಯೊಳಗೆ ಮೊದಲಿನಂತಾದರೆ, ಹಾದದ್ದು ಗ್ರಹ.

ಹಗಲಿಗೆ ಮಾತ್ರ ಇಂಥ ಉಪಾಯವಿಲ್ಲ. ಸುಮಾರು 40 ಜ್ಯೋತಿರ್ವರ್ಷ ದೂರದ, ಗುರುಗ್ರಹಕ್ಕಿಂತ ತುಸುವೇ ದಪ್ಪಗಿರುವ ಟ್ರಾಪಿಸ್ಟ್-1 ಎಂಬ ಕುಬ್ಜ ನಕ್ಷತ್ರ ಮಂಕಾಗುವುದನ್ನು 2015ರಲ್ಲಿ ಬೆಲ್ಜಿಯಂ ತಂಡ ಚಿಲಿಯಲ್ಲಿರುವ ತನ್ನ 60 ಸೆಂ.ಮೀ. ದೂರದರ್ಶಕದಿಂದ ಗುರುತಿಸಿತು. ಒಂದು ಗ್ರಹದ ವರ್ಷವೇ ಒಂದೂವರೆ ದಿನ. ಅಡ್ಡ ಹಾಯಲು ಅರ್ಧ ಗಂಟೆ ಚಿಲ್ಲರೆ. ಅದು ಚಿಲಿಯ ಹಗಲಿನಲ್ಲಿ ನಡೆದುಹೋದರೆ ಲೆಕ್ಕಕ್ಕೇ ಸಿಗದು. ಚಿಲಿಯಲ್ಲಿ ಬೆಳಗಾಗುವಾಗ ಲಡಾಖಿನ ಹಾನ್ಲೆಯಲ್ಲಿ ಸಂಜೆ ಸಮೀಪಿಸಿರುತ್ತದೆ. ಅಲ್ಲಿ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸಲು ಆ ಚಳಿಗೆ ಹೋಗಬೇಕಿಲ್ಲ. ಬೆಂಗಳೂರಿನ ಮಗ್ಗುಲ ಹೊಸಕೋಟೆಯ ನಿಯಂತ್ರಣ ಕೊಠಡಿಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2016ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ಗ್ರಹಗಳ ಸುದ್ದಿ ಬಂದಾಗ, ಅದಕ್ಕೆ ಆಧಾರವಾದ ವೀಕ್ಷಣೆಗಳಲ್ಲಿ ಈ ದೂರದರ್ಶಕದ್ದೂ ಇತ್ತು. ಲೇಖಕರಲ್ಲಿ ಸಂಸ್ಥೆಯ ಡಿ.ಕೆ. ಸಾಹು ಇದ್ದರು.

ಮೂರನೆಯ ಗ್ರಹದ ಅವಧಿ ಮಾತ್ರ ಆಗ ಬಗೆಹರಿಯಲಿಲ್ಲ. 4.5 ದಿನದಿಂದ 73 ದಿನದವರೆಗೆ ಎಷ್ಟಾದರೂ ಇರಬಹುದಿತ್ತು. ಹಗಲೇ ಅಡ್ಡಬರದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ 2016ರ ಸೆಪ್ಟೆಂಬರ್‌ನಿಂದ 20 ದಿನ ಬಹುಪಾಲು ಎಡೆಬಿಡದೆ ಆ ನಕ್ಷತ್ರವನ್ನೇ ನೋಡಿತು. 2017ರ ಫೆಬ್ರುವರಿಯಲ್ಲಿ ಗುಟ್ಟು ಹೊರಬಿತ್ತು. ಮೂರನೆಯದೊಂದರ ಖಾತೆಗೆ ಬರೆದಿದ್ದ ಇಳಿತಗಳು ಬೇರೆಬೇರೆ ಗ್ರಹಗಳವು. ಅಲ್ಲಿದ್ದದ್ದು ಒಟ್ಟು ಏಳು.