ಪಾದಯಾತ್ರೆಗೆ ಹೊರಡುವ ಮುನ್ನ



ನವರಾತ್ರಿ, ಸೀಗಿ ಹುಣ್ಣಿಮೆ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯಿಂದ ಬಹಳ ಜನ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುತ್ತಾರೆ. ಅವರಲ್ಲಿ ಮೊದಲ ಸಲ ಹೊರಡುವ ಹೆಣ್ಣುಮಕ್ಕಳೂ ಇರುತ್ತಾರೆ. “ದಿನಾ ಹೊಲದಾಗ ದುಡಿಯವ್ರು ನಾವು, ನಡಿಯೋದೇನ್ ದೊಡ್ಡದು?” ಅಂತಾರೆ. ಆದರೆ ಡಾಂಬರು ರಸ್ತೆಯಲ್ಲಿ ದಿನದ ಮೇಲೆ ದಿನ ನಡೆಯುವುದು ಬೇರೆ. ಮೊದಲ ದಿನ ಹುರುಪು ಇರುತ್ತದೆ, ಎರಡನೇ ದಿನ ಕಾಲು ಮಾತಾಡುತ್ತದೆ.

ದಾರಿಯ ಲೆಕ್ಕ: ವಿಜಯಪುರದಿಂದ ಹೊರ್ತಿ, ಝಳಕಿ, ಧೂಳಖೇಡ ದಾಟಿ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ. ಅಲ್ಲಿಂದ ತುಳಜಾಪುರಕ್ಕೆ ಸುಮಾರು 45 ಕಿ.ಮೀ. ಹೊಸಬರು ದಿನಕ್ಕೆ 20-22 ಕಿ.ಮೀ. ನಡೆದರೆ 7 ದಿನ ಬೇಕು. ಬಿಜ್ಜರಗಿಯಿಂದಲೇ ನಡೆಯುವವರು ವಿಜಯಪುರ ಮುಟ್ಟಲು ಬೇರೆ ದಿನ ಇಟ್ಟುಕೊಳ್ಳಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಾಲ್ಕು ದಿನದಲ್ಲಿ ಮುಟ್ಟುತ್ತೇವೆಂಬ ಹಟ ಬೇಡ.

ತಯಾರಿ: ಒಂದು ತಿಂಗಳ ಮುಂಚೆ ದಿನಾ 3 ಕಿ.ಮೀ. ನಡೆಯಲು ಶುರು ಮಾಡಿರಿ. ವಾರವಾರ ಹೆಚ್ಚಿಸಿ, ಕೊನೆಗೆ ಒಂದು ದಿನ ಚೀಲ ಹೊತ್ತು 15 ಕಿ.ಮೀ. ನಡೆದು ನೋಡಿರಿ. ಹೊಸ ಚಪ್ಪಲಿ ಹಾಕಿ ಹೊರಡಬೇಡಿರಿ, ಹಳಗಿದ್ದೇ ಒಳ್ಳೇದು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರರನ್ನು ಕೇಳಿ, ಗುಳಿಗೆ ಕಟ್ಟಿಕೊಂಡೇ ಹೋಗಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ಗಾಯವಾದರೂ ಅವರಿಗೆ ಗೊತ್ತಾಗದೇ ಹೋಗಬಹುದು.

ನಡೆಯುವಾಗ: ಬೆಳಗಿನ ತಂಪಿನಲ್ಲಿ ಹೊರಟು ಹತ್ತು ಗಂಟೆಗೆ ನೆರಳು ಹಿಡಿಯಿರಿ, ಮತ್ತೆ ಸಂಜೆ ನಡೆಯಿರಿ. ಹೆದ್ದಾರಿಯಲ್ಲಿ ರಸ್ತೆಯ ಬಲಗಡೆ ಅಂಚಿನಲ್ಲಿ, ಎದುರು ಬರುವ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಕತ್ತಲಲ್ಲಿ ಬ್ಯಾಟರಿ, ಬಿಳಿ ಬಟ್ಟೆ ಇರಲಿ. ಎಲ್ಲರಿಗಿಂತ ನಿಧಾನ ನಡೆಯುವವಳ ವೇಗವೇ ಗುಂಪಿನ ವೇಗ. ಅವಳನ್ನು ಮುಂದೆ ಬಿಡಿರಿ, ಅನುಭವಸ್ಥಳೊಬ್ಬಳು ಕೊನೆಗಿರಲಿ.

ನಾಚಿಕೆ ಬೇಡ: ಬಯಲಿಗೆ ಹೋಗಲು ಜಾಗ ಸಿಗದೆಂದು ಎಷ್ಟೋ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ. ಇದರಿಂದ ಉರಿಮೂತ್ರ, ತಲೆಸುತ್ತು ಬರುತ್ತದೆ. ಶೌಚಾಲಯ ಇರುವ ಪೆಟ್ರೋಲ್ ಬಂಕು, ಧರ್ಮಶಾಲೆ ಎಲ್ಲೆಲ್ಲಿವೆ ಎಂದು ಮುಂಚೆಯೇ ಕೇಳಿ ಬರೆದಿಡಿರಿ. ಮುಟ್ಟಿನ ಬಟ್ಟೆ ಅಥವಾ ಪ್ಯಾಡು ಪ್ರತಿಯೊಬ್ಬರ ಚೀಲದಲ್ಲಿರಲಿ. ನೋವಿದ್ದರೆ ನುಂಗಿಕೊಂಡು ನಡೀಬ್ಯಾಡ್ರಿ, ಬಾಯಿಬಿಟ್ಟು ಹೇಳ್ರಿ.

ತೊಂದರೆಯಾದರೆ: ನೀರುಗುಳ್ಳೆ ಒಡೆಯಬೇಡಿರಿ, ತೊಳೆದು ಸ್ವಚ್ಛ ಬಟ್ಟೆ ಕಟ್ಟಿರಿ. ದಣಿವಿಗೆ ಓ.ಆರ್.ಎಸ್. ಕುಡಿಯಿರಿ. ಅದಿಲ್ಲದಿದ್ದರೆ ಕುಡಿಯಲು ಯೋಗ್ಯವಾದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿರಿ. ಬಿಸಿಲಲ್ಲಿ ಮೈ ಕಾದು ಮಾತು ತೊದಲಿದರೆ ಕೂಡಲೇ ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿರಿ. ಭೀಮಾ ದಾಟಿ ಮಹಾರಾಷ್ಟ್ರಕ್ಕೆ ಹೋದರೂ ಅದೇ ನಂಬರ್.

ಖರ್ಚು: ಇದಕ್ಕೆಂದು ಸಾಲ ಮಾಡಬೇಡಿರಿ. ಹೋಗುವವರು ವಾರಕ್ಕೆ 20 ರೂಪಾಯಿಯಂತೆ ಬೇರೆ ಕೂಡಿಟ್ಟರೆ ವರ್ಷಕ್ಕೆ ಸಾವಿರ ದಾಟುತ್ತದೆ. ಅದರಲ್ಲಿ ತಿರುಗಿ ಬರುವ ಬಸ್ ಚಾರ್ಜು ಮೊದಲೇ ತೆಗೆದಿಡಿರಿ. ಅರ್ಧದಾರಿಯಲ್ಲಿ ಆಗದಿದ್ದರೆ ಬಸ್ ಹತ್ತುವುದು ಅವಮಾನವಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ನಮ್ಮ ಸಂಘದಿಂದ ಯಾರು ಹೋಗುತ್ತಾರೆ? ಕೊನೆಗೆ ನಡೆಯುವವರು ಯಾರು? ಅವರು ಬರುವ ತನಕ ಮನೆಯ ಮಕ್ಕಳು, ದನಕರು ನೋಡಿಕೊಳ್ಳುವವರು ಯಾರು? ಹೆಸರು ಸಹಿತ ಠರಾವು ಪುಸ್ತಕದಲ್ಲಿ ಬರೆಯಿರಿ.